ಓ ನೆಗೆಟಿವ್ ಎಂದು ಕೈ ಮೇಲೆ ಬರೆಸಿಕೊಂಡ ಏಳು ಜನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕನಿಗೆ ರಕ್ತ ಬೇಕಾಗಿ ಬಂದ ದಿನ, ಆ ಗುಂಪಿನ ರಕ್ತ ಇರುವ ಏಳು ಜನ ಹುಡುಗರು ಕೊಳ್ಳೇಗಾಲದಲ್ಲೇ ಇದ್ದರು. ಕರೆದ ಅರ್ಧ ಗಂಟೆಗೆ ಏಳೂ ಜನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಆದರೆ ಒಬ್ಬನಿಂದಲೂ ಒಂದು ಹನಿ ತೆಗೆಯುವ ಹಾಗಿರಲಿಲ್ಲ. ಹಾಗೆ ಮಾಡಿಟ್ಟವನು ನಾನು. ಏಳನೆಯವನೂ ನಾನೇ.

ನನ್ನ ಕಸುಬು ಮಿಮಿಕ್ರಿ. ಕಸುಬು ಅನ್ನುವುದು ದೊಡ್ಡ ಮಾತು. ಮದುವೆ ಮನೆಯಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯಲು ಹೋದಾಗ ನನ್ನ ಕೈಗೆ ಮೈಕು ಕೊಡುತ್ತಾರೆ, ಅಷ್ಟೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು, ಹನೂರು ಬಸ್ಸಿನ ಕಂಡಕ್ಟರು, ಮೂಗಿನಲ್ಲಿ ಮಾತಾಡುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ದನಿಗೇ ಅಲ್ಲಿ ಜಾಗವಿಲ್ಲ.

ಕೆಲಸವಿಲ್ಲದ ದಿನ ನಾನು ಕೂರುತ್ತಿದ್ದದ್ದು ಗೆಳೆಯನ ಟ್ಯಾಟೂ ಅಂಗಡಿಯಲ್ಲಿ. ಬಸ್ ಸ್ಟ್ಯಾಂಡ್ ಹತ್ತಿರದ ಓಣಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆ. ಒಂದು ಕುರ್ಚಿ, ಒಂದು ಬೆಂಚು, ಗೋಡೆ ತುಂಬ ಹುಲಿ, ತ್ರಿಶೂಲ, ರೆಕ್ಕೆ, ಅವ್ವ ಅಂತ ಬರೆದ ಹೃದಯಗಳು. ಕುರ್ಚಿಯಲ್ಲಿ ಕೂತವನು ಬರೆಸಿಕೊಳ್ಳುತ್ತಾನೆ, ಬೆಂಚಿನಲ್ಲಿ ಕೂತವರು ಅವನ ಮುಖ ನೋಡಿ ನಗುತ್ತಾರೆ. ಹುಡುಗಿಯ ಹೆಸರು ಬರೆಸಿದವನು ಮುಂದಿನ ವರ್ಷ ಅದನ್ನು ಮುಚ್ಚಿಸಲು ಬರುತ್ತಾನೆ. ಅಳಿಸಲು ಆಗುವುದಿಲ್ಲವಾದ್ದರಿಂದ ಗೆಳೆಯ ಅದರ ಮೇಲೆ ಒಂದು ನವಿಲುಗರಿ ಬರೆಯುತ್ತಾನೆ. ನಮ್ಮ ಕಡೆ ತೋಳಿನಲ್ಲಿ ನವಿಲುಗರಿ ಕಂಡರೆ ಅಡಿಯಲ್ಲಿ ಯಾರೋ ಒಬ್ಬಳಿದ್ದಾಳೆಂದು ನಾವು ತಿಳಿಯುತ್ತೇವೆ. ಅವರು ನೋವಿಗೆ ಕೂಗುವ ಕೂಗನ್ನೆಲ್ಲ ನಾನು ಬೆಂಚಿನಲ್ಲೇ ಕೂತು ವಾಪಸ್ ಕೂಗಿ ತೋರಿಸುತ್ತಿದ್ದೆ. ಗೆಳೆಯ ಮಾತ್ರ ಕೆಲಸದಲ್ಲಿ ಗಟ್ಟಿ. ಪ್ರತಿಯೊಬ್ಬರಿಗೂ ಅವರ ಕಣ್ಣೆದುರೇ ಹೊಸ ಸೂಜಿಯ ಪೊಟ್ಟಣ ಹರಿಯುತ್ತಿದ್ದ.

ಆ ಬೆಂಚಿನಲ್ಲೇ ನಮ್ಮ ಏಳು ಜನರ ಗುಂಪು ಕಟ್ಟಿತು. ಏಳೂ ಜನರದು ಸುಲಭಕ್ಕೆ ಸಿಗದ ಓ ನೆಗೆಟಿವ್ ರಕ್ತ. ಯಾವ ಊರಿನಿಂದ ಫೋನ್ ಬಂದರೂ ಯಾರಾದರೊಬ್ಬರು ಹೋಗಿ ಕೊಟ್ಟು ಬರುತ್ತಿದ್ದೆವು. ನಮ್ಮಲ್ಲೊಬ್ಬ ರಾಮಾಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು, ಪ್ರಜ್ಞೆ ತಪ್ಪಿ, ಅವನ ರಕ್ತದ ಗುಂಪು ಯಾವುದೆಂದು ಹೇಳುವವರೇ ಇಲ್ಲದೆ ಪರದಾಟವಾಯಿತು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

"ಲೇ, ರಕ್ತದ ಗುಂಪು ಕೈ ಮ್ಯಾಲೆ ಬರೀಲಾ! ದುಡ್ಡು ಈಸ್ಕಬ್ಯಾಡ. ಒಂದ್ ದಿನ ಎಲ್ಲಾರ್ಗೂ ಪುಕ್ಸಟ್ಟೆ ಬರಿ. ಧರ್ಮದ ಕೆಲ್ಸ ಕಣ್ಲಾ."

ಗೆಳೆಯ ಯೋಚಿಸಿ, "ಶಾಯಿ ನಂದು, ಬಾಯಿ ನಿಂದು," ಅಂದ.

ಭಾನುವಾರ ಆಟೋಗೆ ಮೈಕು ಕಟ್ಟಿಕೊಂಡು ಊರು ಸುತ್ತಿದೆ. ಹರಾಜಿನವರ ದನಿಯಲ್ಲಿ "ಓ ಪಾಸಿಟಿವ್ ಒಂದ್ಸಲ, ಎರಡ್ಸಲ" ಅಂದೆ. ಕಂಡಕ್ಟರ ದನಿಯಲ್ಲಿ "ನೆಗೆಟಿವ್‌ನೋರು ಮುಂದುಕ್ ಬನ್ನಿ, ಮುಂದ್ಗಡೆ ಖಾಲಿ ಇದೆ" ಅಂದೆ. ಜನ ನಕ್ಕರು, ಬಂದರು. ಮೊದಲ ಮರ್ಯಾದೆ ನಮಗೇ ಇರಲೆಂದು ಏಳು ಜನ ಮೊದಲು ಕೂತೆವು. ಬರೆಯುವ ಗೆಳೆಯನೂ ಓ ನೆಗೆಟಿವ್. ಅವನು ಎಡಗೈಗೆ ತಾನೇ ಬರೆದುಕೊಂಡ. ಮಣಿಕಟ್ಟಿನ ಒಳಗೆ ಒಂದು ಸೊನ್ನೆ, ಪಕ್ಕದಲ್ಲೊಂದು ಅಡ್ಡಗೀಟು. ನೋಡಿದರೆ ನನ್ನ ಎಸ್ಸೆಸ್ಸೆಲ್ಸಿ ಗಣಿತದ ಅಂಕದ ಹಾಗಿತ್ತು. ರಕ್ತ ಕೊಟ್ಟವರಿಗೆ ಕೊಡುವ ಕಾರ್ಡು ಏಳೂ ಜನರ ಜೇಬಿನಲ್ಲಿತ್ತು. ಅದರ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಏನಿದೆಯೆಂದು ಒಬ್ಬನೂ ತಿರುಗಿಸಿ ನೋಡಿರಲಿಲ್ಲ.

ಮೂರು ವಾರ ಕಳೆಯಿತು. ಯಳಂದೂರು ತಾಲ್ಲೂಕಿನ ಅಗರಕ್ಕೆ ಕೊಟ್ಟಿದ್ದ ನನ್ನ ಅಕ್ಕ ತುಂಬಿದ ಬಸುರಿ. ಬೆಳಗ್ಗೆ ಭಾವನ ಫೋನ್ ಬಂತು: ರಕ್ತ ಹೋಗುತ್ತಿದೆ, ಕೊಳ್ಳೇಗಾಲಕ್ಕೆ ಕರೆತರುತ್ತಿದ್ದೇವೆ. ಡಾಕ್ಟರಮ್ಮ ನೋಡಿ, ಮಾಸು, ಅಂದರೆ ಪ್ಲಾಸೆಂಟಾ, ಕೆಳಗೆ ಕೂತು ಕೂಸಿನ ದಾರಿಗೆ ಅಡ್ಡವಾಗಿದೆ, ಸದ್ಯಕ್ಕೆ ರಕ್ತ ನಿಂತಿದೆ, ನಾಳೆ ಬೆಳಗ್ಗೆ ಆಪರೇಷನ್ ಮಾಡಲೇಬೇಕು, ಎರಡು ಬಾಟಲಿ ಓ ನೆಗೆಟಿವ್ ಕೈಯಲ್ಲಿಲ್ಲದೆ ಚಾಕು ಮುಟ್ಟುವುದಿಲ್ಲ ಅಂದರು. ನಾನು ಭಾವನ ಬೆನ್ನು ತಟ್ಟಿ, ಮಣಿಕಟ್ಟು ತೋರಿಸಿ, "ಇಂಥದು ಏಳು ಅವೆ ಬಾವ, ಎರಡು ಸಾಕಲ್ವಾ?" ಅಂದೆ. ಹೆಮ್ಮೆಯಲ್ಲೇ ಅಂದೆ.

ರಕ್ತ ತೆಗೆಯುವ ಕೋಣೆಯ ಮೇಡಮ್ ನನ್ನ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಲು ಕೈ ತಿರುಗಿಸಿದರು. ಅಲ್ಲೇ ನಿಂತರು.

"ಇದು ಯಾವಾಗ ಹಾಕಿಸಿದ್ದು?"

"ಮೂರು ವಾರ ಆಯ್ತು ಮೇಡಮ್. ಧರ್ಮಕ್ಕೆ."

ಅವರು ಪಟ್ಟಿ ಬಿಚ್ಚಿದರು. "ಎದ್ದೇಳಿ. ಚುಚ್ಚಿಸಿಕೊಂಡ ಮೇಲೆ ಒಂದು ವರ್ಷ ತಗೊಳ್ಳಲ್ಲ. ಕಾಮಾಲೆಯಂಥದ್ದೇನಾದ್ರೂ ಸೇರ್ಕೊಂಡಿದ್ರೆ ಶುರುವಿನಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು. ಮುಂದಿನವರನ್ನ ಕಳಿಸಿ."

ಮುಂದಿನವನು ಬಂದ, ಕೈ ತಿರುಗಿಸಿದ. ಅವನ ಮುಂದಿನವನು ಬಂದ. ನಾಲ್ಕನೆಯವನ ಹೊತ್ತಿಗೆ ಮೇಡಮ್ ತಾವೇ ಬಾಗಿಲಿಗೆ ಬಂದು, "ಎಲ್ಲರೂ ಕೈ ತೋರಿಸಿ," ಅಂದರು. ಸಾಲಾಗಿ ಸೊನ್ನೆ, ಅಡ್ಡಗೀಟು, ಸೊನ್ನೆ, ಅಡ್ಡಗೀಟು. "ಹೊಸ ಸೂಜಿ ಮೇಡಮ್, ದೇವ್ರಾಣೆ ಒಬ್ಬೊಬ್ರಿಗೂ ಹೊಸ ಸೂಜಿ," ಅಂತ ಗೆಳೆಯ ಬೇಡಿಕೊಂಡ. "ಇರಬಹುದಪ್ಪ. ನಾನು ನೋಡಿಲ್ವಲ್ಲ," ಅಂದರು.

ಇಲ್ಲಿ ಇನ್ನೊಂದು ಕೆಟ್ಟ ಕೆಲಸ ಮಾಡಿದೆ. ಗೆಳೆಯನ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿ, ತಲೆಗೆ ಟೋಪಿ ಹಾಕಿ, ಬಿಸಿ ಎಣ್ಣೆ ಬಿತ್ತು ಅಂತ ಹೇಳು ಎಂದು ಮತ್ತೆ ಒಳಗೆ ಕಳಿಸಿದೆ. ಅವನು ಹೋಗಿ ಬೆವರುತ್ತ ಮಲಗಿದ. ಮೇಡಮ್ ಬ್ಯಾಂಡೇಜಿನ ಅಂಚು ಎತ್ತಿ ನೋಡಿ, ನನ್ನನ್ನೇ ಕೂಗಿದರು.

"ನಿಮ್ಮಕ್ಕನಿಗೆ ಕಾಯಿಲೆ ಅಂಟಿದ್ರೆ ಮಗುವಿಗೂ ಅಂಟುತ್ತೆ. ಅದನ್ನೂ ಬರೀತೀರಾ ಕೈ ಮೇಲೆ?"

ನಾನೇ ಬ್ಯಾಂಡೇಜು ಬಿಚ್ಚಿದೆ. ಬೈದರೂ ಅವರು ಕೈಬಿಡಲಿಲ್ಲ. ಅಲ್ಲಿ ಇಲ್ಲಿ ಫೋನ್ ಮಾಡಿ ಒಂದು ಬಾಟಲಿಗೆ ದಾರಿ ಮಾಡಿದರು. ಇನ್ನೊಂದು ಎಲ್ಲೂ ಇರಲಿಲ್ಲ. "ಸಂಜೆ ಐದರೊಳಗೆ ಯಾರನ್ನಾದ್ರೂ ಕರ್ಕೊಂಡ್ ಬನ್ನಿ, ಪರೀಕ್ಷೆಗೆ ಸಮಯ ಬೇಕು. ಬರೀ ಹುಡುಗರನ್ನ ಹುಡುಕ್ತಿದ್ದೀರಿ. ಹೆರಿಗೆ ಆದ ಹೆಂಗಸರ ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಇರುತ್ತೆ. ಯಾರಾದ್ರೂ ಆಶಾ ಕಾರ್ಯಕರ್ತೆ ಗೊತ್ತಾ?"

ಗೊತ್ತು. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಲ್ಲಿ ನನ್ನ ಚಿಕ್ಕವ್ವ ಆಶಾ ಕಾರ್ಯಕರ್ತೆ. ಫೋನ್ ಮಾಡಿದೆ.

"ಚಿಕ್ಕವ್ವ, ಅಕ್ಕಂಗೆ ರಕ್ತ ಬೇಕು, ಓ ನೆಗೆಟಿವ್ ಎಂಗಸ್ರು ಯಾರಾದ್ರೂ..."

"ಓದ್ ತಿಂಗ್ಳು ತಾಲ್ಲೂಕು ಡಾಕ್ಟ್ರ ದನೀಲಿ ಫೋನ್ ಮಾಡಿ ಬುಕ್ಕೆಲ್ಲಾ ತಲೆ ಮ್ಯಾಲೆ ಒರ್ಸಿ ಅನೂರ್ಗಂಟ ಅಲೆಸ್ದಲ್ಲಾ, ಇವತ್ತು ತಮ್ಮ ಆಗಿದ್ದೀಯಾ? ಇಡ್ಲಾ ಫೋನಾ!"

ಮೂರು ಸಲ ಮಾಡಿದೆ. ಮೂರು ಸಲವೂ ಇಟ್ಟಳು. ಮೂರನೆಯ ಸಲ ನಾನು ಅತ್ತದ್ದಕ್ಕೆ, "ಅಳೋದ್ನ ಚೆಂದಾಗ್ ಕಲ್ತಿದ್ದೀಯ," ಅಂದಳು. ನನ್ನ ಸ್ವಂತ ದನಿಯನ್ನು ಸ್ವಂತ ಚಿಕ್ಕವ್ವನೇ ನಂಬದ ಮೇಲೆ ಯಾರು ನಂಬುತ್ತಾರೆ? ಬೈಕು ಹತ್ತಿದೆ. ಹನೂರು ದಾಟುವವರೆಗೂ ದೇವರಿಗೆ ಏನೇನೋ ಹರಕೆ ಹೊತ್ತೆ. ಮಿಮಿಕ್ರಿ ಬಿಡುತ್ತೇನೆ ಅಂದೆ, ಮಾತನ್ನೇ ಬಿಡುತ್ತೇನೆ ಅಂದೆ. ಅಕ್ಕ ಸತ್ತರೆ ನನ್ನ ಮಣಿಕಟ್ಟಿನಲ್ಲಿ ಇದು ಸಾಯುವ ತನಕ ಇರುತ್ತದಲ್ಲ, ಇದನ್ನು ಯಾವ ನವಿಲುಗರಿ ಮುಚ್ಚುತ್ತದೆ ಅಂದುಕೊಂಡೆ.

ಲೊಕ್ಕನಹಳ್ಳಿಯ ಮನೆ ಬಾಗಿಲಲ್ಲಿ ಚಿಕ್ಕವ್ವ ನನ್ನ ಮುಖ ನೋಡಿದಳು. ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡಳು. "ಬಾ. ಒಬ್ಳವ್ಳೆ."

ಆ ಹೆಂಗಸು ಊರಾಚೆ ಹೊಲದ ಬದಿಯಲ್ಲಿ, ಕಾಡುಹಂದಿ ನುಗ್ಗದಂತೆ ಮುಳ್ಳಿನ ಬೇಲಿ ಕಟ್ಟುತ್ತಿದ್ದಳು. ನಲವತ್ತರ ಆಸುಪಾಸು, ಗಟ್ಟಿ ಆಳು. ಅವಳು ಮುಳ್ಳು ಬಿಟ್ಟು ನಮ್ಮ ಕಡೆ ತಿರುಗಿದಾಗ ಕೈ ಕಂಡಿತು. ಎರಡೂ ತೋಳಿನ ತುಂಬ, ಮೊಣಕೈಯಿಂದ ಮಣಿಕಟ್ಟಿನ ತನಕ, ಹಸಿರು ಹಚ್ಚೆ.

"ಹಚ್ಚೆ!" ಅಂತ ಅಲ್ಲೇ ನೆಲಕ್ಕೆ ಕುಕ್ಕರಿಸಿದೆ. "ಇವ್ರ್ದೂ ಆಗಕಿಲ್ಲ ಚಿಕ್ಕವ್ವ!"

"ಇದ್ಯಾಕಪ್ಪ ಇಂಗ್ ಕೂತ್ಕಂಡ?" ಅಂದಳು ಆ ಹೆಂಗಸು. "ಇದಾ? ಇದು ನಾನು ಮೈನೆರ್ದಾಗ ನಮ್ಮವ್ವ ಉಯ್ಸಿದ್ದು. ಆಗ ನೀನು ಉಟ್ಟೇ ಇರ್ನಿಲ್ಲ."

ಒಂದು ವರ್ಷ ದಾಟಿದ್ದರೆ ಸಾಕು. ಇದು ಇಪ್ಪತ್ತೈದು ದಾಟಿತ್ತು. ನಾನು ಎದ್ದು ನಿಂತೆ. ಚಿಕ್ಕವ್ವ ಎಲ್ಲ ಹೇಳಿದಳು. ಬದುವಿನ ಮೇಲೆ ಬೀಡಿ ಸೇದುತ್ತಿದ್ದ ಗಂಡ ಕೇಳಿಸಿಕೊಂಡು ಎದ್ದು ಬಂದ.

"ಅದೆಲ್ಲಾ ಆಗಕಿಲ್ಲ. ರಕ್ತ ಕೊಟ್ರೆ ಬಲ ಓಯ್ತದೆ. ಇವ್ಳು ಮಲಿಕಂಡ್ರೆ ಅಂದಿ ಓಡ್ಸೋರ್ಯಾರು?"

ಅವನ ಕಾಲು ಹಿಡಿದೆ. ಸುಮ್ಮನೆ ಹೇಳುತ್ತಿಲ್ಲ, ಹಿಡಿದೇಬಿಟ್ಟೆ. ಅವನು ಕಾಲು ಕೊಡವಿದ. ಮೊಬೈಲು ಎರಡೂ ಮುಕ್ಕಾಲು ತೋರಿಸುತ್ತಿತ್ತು. ಕೊಳ್ಳೇಗಾಲದಲ್ಲಿ ಅಕ್ಕ ಅಲುಗಾಡದೆ ಮಲಗಿದ್ದಳು, ಅಲುಗಾಡಬಾರದೆಂದು ಹೇಳಿದ್ದರು. ಆ ಹೆಂಗಸು ಮಾತ್ರ ನನ್ನನ್ನು ನೋಡುತ್ತಿರಲಿಲ್ಲ, ಚಿಕ್ಕವ್ವನನ್ನು ನೋಡುತ್ತಿದ್ದಳು.

"ನೆಗೆಟಿವ್ವಾ?" ಅಂದಳು.

"ಊಂ ಕಣವ್ವ. ನಿಂದೇ."

"ನನ್ ಎರಡ್ನೇ ಕೂಸು ಈ ನೆಗೆಟಿವ್ ರಕ್ತ ಒಗ್ದೇ ಅಲ್ವಾ ಓಗಿದ್ದು." ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಗಂಡನ ಕಡೆ ತಿರುಗಿ, "ಇವತ್ತೊಂದಿನ ನೀನೇ ಅಂದಿ ಓಡ್ಸು. ಮೂರು ಕೂಸ ಎತ್ತಿವ್ನಿ, ಒಂದ್ ಬಾಟ್ಲಿಗೆ ನಾನೇನ್ ಸಾಯಕಿಲ್ಲ," ಅಂದಳು.

ಬೈಕಿನಲ್ಲಿ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತಳು. ಹನೂರಿನ ಹೋಟೆಲಿನಲ್ಲಿ ಬಲವಂತವಾಗಿ ನಾಲ್ಕು ಇಡ್ಲಿ ತಿನ್ನಿಸಿದೆ. ದಾರಿಯುದ್ದಕ್ಕೂ ನಾನು ಒಂದು ಮಾತೂ ಆಡಲಿಲ್ಲ. "ಬಾಯಿ ಇಲ್ವಾ ಮಗ ನಿಂಗೆ?" ಅಂತ ಒಮ್ಮೆ ಕೇಳಿದಳು. ನನ್ನ ಜನ್ಮದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ನಾಲ್ಕೂವರೆಗೆ ಮೇಡಮ್ ಎದುರು ಕೂರಿಸಿದೆ. ಅಲ್ಲಿ ಇನ್ನೊಂದು ಗಂಡಾಂತರವಿತ್ತು. ಬೆರಳಿನಿಂದ ಒಂದು ಹನಿ ತೆಗೆದು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಹನಿ ತಳಕ್ಕೆ ಇಳಿದರೆ ರಕ್ತ ಗಟ್ಟಿ, ಕೊಡಬಹುದು, ತೇಲಿದರೆ ಇಲ್ಲ. ನಮ್ಮ ಕಡೆಯ ಹೆಂಗಸರಲ್ಲಿ ಮುಕ್ಕಾಲು ಜನರದು ತೇಲುತ್ತದೆ ಅಂತ ಮೇಡಮ್ ಮೊದಲೇ ಹೇಳಿಬಿಟ್ಟರು. ಹನಿ ಬಿತ್ತು. ಮೇಲೆಯೇ ಒಂದು ಗಳಿಗೆ ನಿಂತಿತು. ಭಾವ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ, ಹಾಗಾಗಿ ನೋಡಿದೆ: ಹನಿ ನಿಧಾನಕ್ಕೆ, ಸಣ್ಣ ಕೆಂಪು ಮಣಿಯ ಹಾಗೆ, ನೆಟ್ಟಗೆ ತಳಕ್ಕೆ ಇಳಿಯಿತು.

ಮರುದಿನ ಬೆಳಗ್ಗೆ ಆಪರೇಷನ್ ಆಯಿತು. ಎರಡು ಬಾಟಲಿಯೂ ಖರ್ಚಾದವು. ಡಾಕ್ಟರಮ್ಮ ಹೊರಗೆ ಬಂದು, "ಎರಡನೇದು ಇರಲಿಲ್ಲ ಅಂದಿದ್ರೆ ನಾನು ಈಗ ನಿಮ್ಮ ಹತ್ರ ಬೇರೆ ಮಾತಾಡ್ತಿದ್ದೆ," ಅಂದರು. ಹೆಣ್ಣು ಮಗು. ಅಕ್ಕ ಸಂಜೆಗೆ ಕಣ್ಣು ಬಿಟ್ಟಳು. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಆ ಅಳು ಯಾರದ್ದೂ ಆಗಿರಲಿಲ್ಲ, ನನ್ನದೇ.

ಹದಿನೈದು ದಿನದ ಮೇಲೆ ಸೀರೆ, ಬಾಳೆಹಣ್ಣು ತೆಗೆದುಕೊಂಡು ಲೊಕ್ಕನಹಳ್ಳಿಗೆ ಹೊರಟೆ. ಗೆಳೆಯನೂ ಹಿಂದೆ ಕೂತ. ಅವನ ಹೆಗಲಿಗೊಂದು ಚೀಲ. ಏನ್ಲಾ ಅದು ಅಂದರೆ, "ಸುಮ್ಕೆ ನಡಿ," ಅಂದ. ಹನೂರು ದಾಟಿದ ಮೇಲೆ ಬಾಯಿ ಬಿಟ್ಟ: ಈ ಸಲ ಹನೂರಿನಲ್ಲಿ ಹೆಂಗಸರಿಗೇ ಒಂದು ದಿನ ಮಾಡೋಣ, ತಾಯಿ ಕಾರ್ಡಿನಲ್ಲಿ ಇರುವುದನ್ನು ಕೈ ಮೇಲೆ ಬರೆಯೋಣ, ವರ್ಷದ ಮೇಲೆ ಎಲ್ಲರೂ ಕೊಡಬಹುದಲ್ಲ, ಚೀಲದಲ್ಲಿ ಮಿಷನ್ ಇದೆ, ರಕ್ತ ಕೊಟ್ಟ ಆಯಮ್ಮನಿಂದಲೇ ಶುರು. ನಾನು ಉಗಿಯಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹರಾಜಿನವರ ದನಿ ಸರಿಮಾಡಿಕೊಳ್ಳುತ್ತಿದ್ದೆ.

ಅವಳು ಕೊಟ್ಟಿಗೆಯಲ್ಲಿ ಎಮ್ಮೆಯ ಹಾಲು ಕರೆಯುತ್ತಿದ್ದಳು. ಅಕ್ಕ, ಕೂಸು ಚೆನ್ನಾಗಿದ್ದಾರೆಂದು ಹೇಳಿದೆ. ತಲೆಯಾಡಿಸಿದಳು. ಸೀರೆಯನ್ನು ಗೋಡೆಯ ಗೂಡಿನಲ್ಲಿ ಇಡು ಅಂದಳು. ಆಗ ಗೆಳೆಯ ಮಿಷನ್ ಹೊರಗೆ ತೆಗೆದು, ಹೊಸ ಸೂಜಿಯ ಪೊಟ್ಟಣವನ್ನೂ ತೋರಿಸಿ, ತುಂಬ ಮರ್ಯಾದೆಯಿಂದ ಶುರುಮಾಡಿದ.

"ಅವ್ವಾ, ನಂಗೆ ಗೊತ್ತಿರೋದು ಇದೊಂದೇ ಕೆಲ್ಸ. ನಿಮ್ ರಕ್ತದ ಗುಂಪು ಕೈ ಮ್ಯಾಲೆ ಬರ್ದ್‌ಬುಡ್ತೀನಿ. ಅಳೇ ಅಚ್ಚೆ ಪಕ್ಕದಲ್ಲಿ ಜಾಗ ಅದೆ. ಮುಂದುಕ್ಕೆ ಯಾರ್ಗಾರಾ ಬೇಕಾದ್ರೆ ನೋಡ್ದೇಟ್ಗೆ ಗೊತ್ತಾಯ್ತದೆ."

ಅವಳು ಎಮ್ಮೆಯ ಹೊಟ್ಟೆಗೆ ಆನಿಸಿದ್ದ ತಲೆ ಎತ್ತಲಿಲ್ಲ. ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದೂ ನಿಲ್ಲಲಿಲ್ಲ.

"ನಮ್ಮೆಮ್ಮೆ ಮೈ ಮ್ಯಾಲೆ ಆಲು ಅಂತ ಬರ್ದಿದ್ದದೇನ್ಲಾ? ಕರೂಗ್ ಗೊತ್ತು, ಕರಾಕ್ ಕೂತಿರೋ ನಂಗ್ ಗೊತ್ತು. ಎತ್ಕಂಡ್ ಓಗು ಅದ್ನ."