ದ್ಯಾಮವ್ವನ ಕಟ್ಟೆಗೆ ಇಳಿಸಿದ ಬಳೆ

ಸಮುದ್ರವನ್ನೇ ಕಾಣದ ಮುನವಳ್ಳಿ ಕಡೆಯ ಹುಡುಗಿ ನಾನು ನೀರೊಳಗಿನ ಯಂತ್ರ ಮಾಡುವ ಕಂಪನಿಯಲ್ಲಿದ್ದೆ ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಂಪನಿ, ಹಡಗುಗಳಿಗೆ ಬೇಕಾದದ್ದನ್ನು ಮಾಡಿಕೊಡುತ್ತಿತ್ತು. ಕೇಬಲ್ ಬೆಸೆದು, ಹನಿ ನೀರು ಒಳಗೆ ಹೋಗದಂತೆ ಮೇಲೆ ರಬ್ಬರ್ ಸುತ್ತುವುದು ನನ್ನ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಆಗಿನ ಗಂಡಸರು ಯಾರೂ ಹೇಳಲಿಲ್ಲ.

ಎಪ್ಪತ್ತರ ದಶಕದ ನಡುವೆ ನಮ್ಮ ವಿಭಾಗ ನೀರಿನಡಿಯ ಸಪ್ಪಳ ಕೇಳುವ ಒಂದು ಯಂತ್ರ ಮಾಡಿತು. ಉದ್ದ ಕೇಬಲ್ಲಿನ ತುದಿಗೆ ಕಬ್ಬಿಣದ ಪಂಜರ, ಅದರೊಳಗೆ ತೆಂಗಿನಕಾಯಿ ಗಾತ್ರದ ಕರಿ ಗುಂಡು. ನಾವು ಅದಕ್ಕೆ ಕಿವಿ ಎನ್ನುತ್ತಿದ್ದೆವು. ಸಮುದ್ರ ಬಲು ಗದ್ದಲದ ಜಾಗ, ಮೊದಲ ಪರೀಕ್ಷೆಗೆ ಆಳವಾದ, ಸುಮ್ಮನಿರುವ ನೀರು ಬೇಕಿತ್ತು. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಆಗಷ್ಟೇ ಮಲಪ್ರಭೆ ತುಂಬಿ ನಿಂತಿದ್ದಳು. ಕರಾವಳಿಯವರಾದ ನಮ್ಮ ಸಾಹೇಬರು ಆ ಜಾಗ ಆರಿಸಿ, ನಿಮ್ಮ ಕಡೆಯ ಊರು, ನೀವೂ ನಡೆಯಿರಿ ಎಂದು ನನ್ನನ್ನೂ ಕರೆದುಕೊಂಡರು.

ನಾವು ಡೇರೆ ಹಾಕಿದ ದಂಡೆಯಲ್ಲೇ ನನ್ನ ಸೋದರತ್ತೆಯ ಮನೆ, ನಾನು ಅಲ್ಲೇ ಉಳಿದುಕೊಂಡೆ. ಅವಳ ಹಳೆಯ ಊರು ನೀರೊಳಗೆ ಹೋಗಿತ್ತು. ಜನ ಬಾಗಿಲು, ತೊಲೆ, ಹಂಚು ಬಿಚ್ಚಿಕೊಂಡು ಬಂದು ಎತ್ತರದಲ್ಲಿ ಹೊಸ ಊರು ಕಟ್ಟಿದ್ದರು. ಊರದೇವತೆ ದ್ಯಾಮವ್ವನ ಮೂರ್ತಿಯನ್ನೂ ಹಳೆಯ ಕಟ್ಟೆಯಿಂದ ಎತ್ತಿ ತಂದು ಹೊಸ ಗುಡಿಯಲ್ಲಿ ಕೂರಿಸಿದ್ದರು. ಅತ್ತೆ ಮಾತ್ರ ಒಪ್ಪಿರಲಿಲ್ಲ. ಮೂರ್ತಿ ಬಂದೈತಿ, ಅಕಿ ಬಂದಿಲ್ಲ ಎನ್ನುತ್ತಿದ್ದಳು. ಸಂಜೆಯಾದರೆ ಹೊಸ್ತಿಲ ಮೇಲೆ ನೀರಿನ ಕಡೆ ಮುಖ ಮಾಡಿ ಕುಳಿತುಬಿಡುತ್ತಿದ್ದಳು.

ಅವಳಿಗೊಂದು ಹರಕೆ ಬಾಕಿಯಿತ್ತು. ಬಹಳ ವರ್ಷ ಮಕ್ಕಳಾಗದ ಮಗಳಿಗೆ ಕೂಸು ಹುಟ್ಟಿದರೆ ದ್ಯಾಮವ್ವನ ಕಟ್ಟೆಗೆ ಉಡಿ ತುಂಬುತ್ತೇನೆ ಎಂದು ಹಳೆಯ ಊರಿನಲ್ಲಿ ಬೇಡಿಕೊಂಡಿದ್ದಳು. ಕೂಸು ಹುಟ್ಟುವಷ್ಟರಲ್ಲಿ ಕಟ್ಟೆ ಮುಳುಗಿತ್ತು. ಹರಕೆ ತೀರದೆ ತೊಟ್ಟಿಲಿಗೆ ಹಾಕುವುದಿಲ್ಲ, ಹೆಸರಿಡುವುದಿಲ್ಲ ಎಂದು ಅತ್ತೆಯ ಹಟ. ಕೂಸು ಬೋರಲು ಬೀಳುವಷ್ಟು ಬೆಳೆದರೂ ಅದು ಬರೀ ಕೂಸೇ. ತೊಟ್ಟಿಲಾಗದೆ ಬಾಣಂತಿ ಗಂಡನ ಮನೆಗೆ ಹೋಗುವಂತಿಲ್ಲ. ರಾಮದುರ್ಗದ ಬೀಗರು ಮೊದಲು ಕೇಳಿಕಳಿಸಿದರು, ಆಮೇಲೆ ಕೇಳುವುದನ್ನೂ ಬಿಟ್ಟರು. ಮಗಳು ಒಲೆಯ ಮುಂದೆ ಅಳುವುದನ್ನು ನಾನೇ ನೋಡಿದೆ.

ಅತ್ತೆ ಸುಮ್ಮನೆ ಕುಳಿತವಳಲ್ಲ. ಮೊರದಲ್ಲಿ ಉಡಿ ಸಾಮಾನಿಟ್ಟು ನೀರಿಗೆ ಬಿಟ್ಟಿದ್ದಳು, ಗಾಳಿಗೆ ಅದು ತಿರುಗಿ ದಂಡೆಗೇ ಬಂದಿತ್ತು. ಕಲ್ಲು ಕಟ್ಟಿ ಒಗೆದುಬಿಡು, ಮುಳುಗುತ್ತದೆ ಎಂದೆ ನಾನು. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

“ಉಡಿ ಇಡಬೇಕವ್ವಾ, ಒಗೀಬಾರದು.”

ಕಿವಿಯನ್ನು ತೆಪ್ಪದಲ್ಲಿ ಒಯ್ದು ನೀರಿಗಿಳಿಸುವ ದಿನ ಸಾಹೇಬರು ದಂಡೆಯಲ್ಲಿ ಅದಕ್ಕೆ ಕಾಯಿ ಒಡೆದರು. ಅತ್ತೆಯೂ ಬಂದು, ನಾನೂ ಕುಂಕುಮ ಹಚ್ಚಲೇ ಎಂದು ಕೇಳಿದಳು. ಧಾರಾಳವಾಗಿ ಎಂದರು. ಅವಳು ಪಂಜರದ ಮುಂದೆ ಬಗ್ಗಿ ಬಹಳ ಹೊತ್ತು ಪೂಜೆ ಮಾಡಿದಳು. ನನಗೆ ಹೆಮ್ಮೆಯೇ ಆಯಿತು.

ಬೆಳಗಿನ ಹೊತ್ತು ಎಲ್ಲ ಸರಿಯಾಗಿತ್ತು. ಮಧ್ಯಾಹ್ನ ಗಾಳಿ ಎದ್ದು ತೆಪ್ಪ ತೂಗತೊಡಗಿದ ಕೂಡಲೇ ಯಂತ್ರದಲ್ಲಿ ಏನೋ ಸಣ್ಣ ಗಲಗಲ ಸದ್ದು. ಮರುದಿನವೂ ಹಾಗೆಯೇ. ಹಿರಿಯ ಮೆಕ್ಯಾನಿಕ್ಕರು ತಲೆ ಕೆರೆದುಕೊಂಡು, ಕೊನೆಗೆ ಕೇಬಲ್ ಜೋಡಣೆ ಸಡಿಲಾಗಿದೆ ಎಂದು ತೀರ್ಮಾನಿಸಿದರು. ಅಂದರೆ ನನ್ನ ಕೈಕೆಲಸ. ನನಗೆ ಉರಿದುಹೋಯಿತು. ಅವರ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡಂತೆಯೇ ತೆಗೆದು ನನ್ನ ಕಿವಿಗಿಟ್ಟುಕೊಂಡೆ.

ಕೇಳಿದ್ದೇ ತಡ, ಗೊತ್ತಾಯಿತು. ದಿನಾ ಬೆಳಗ್ಗೆ ಅತ್ತೆ ರೊಟ್ಟಿ ಬಡಿಯುವಾಗ ಕೇಳುವ ಸದ್ದು ಅದು. ಗಾಜಿನ ಬಳೆ.

ಸಾಹೇಬರಿಗೆ ಹೇಳಿದೆ. ಪಂಜರ ಎತ್ತಿ ದಂಡೆಗೆ ತಂದರು. ಅಡಿಯಲ್ಲಿ, ಸರಳುಗಳ ಸಂದಿಗೆ ಅರಿಷಿಣದ ದಾರದಿಂದ ಕಟ್ಟಿದ ಹಸಿರು ಬಳೆಗಳು, ಜೊತೆಗೊಂದು ತೊಯ್ದ ಕುಪ್ಪಸದ ಖಣ. ನಮ್ಮ ತೆಪ್ಪ ನಿಂತಿದ್ದು ಹಳೆಯ ಊರಿನ ಮೇಲೆಯೇ ಎಂದು ಅತ್ತೆ ಗುಡ್ಡಗಳ ಗುರುತಿನಿಂದ ಲೆಕ್ಕ ಹಾಕಿದ್ದಳಂತೆ. ಯಂತ್ರ ಒಮ್ಮೆ ಇಳಿದರೆ ಅಲ್ಲೇ ಇರುತ್ತದೆ ಎಂದು ತಿಳಿದಿದ್ದಳು. ಮೇಲೆ ಬರುತ್ತದೆಂದು ಅವಳಿಗೆ ಯಾರು ಹೇಳಿದ್ದರು?

ಬುತ್ತಿ ತಂದು ದಂಡೆಯಲ್ಲಿ ನಿಂತಿದ್ದವಳು ಸಾಹೇಬರ ಕೈಯಲ್ಲಿ ಬಳೆ ನೋಡಿದಳು. ಬುತ್ತಿ ಅಲ್ಲೇ ಇಟ್ಟು ಕುಳಿತುಬಿಟ್ಟಳು. ಎರಡನೆಯ ಸಲವೂ ದ್ಯಾಮವ್ವ ಉಡಿ ತಿರುಗಿ ಕಳಿಸಿದಳು, ಇನ್ನು ಆ ಕೂಸಿನ ಗತಿಯೇನು ಎಂದು ನನ್ನನ್ನೇ ಕೇಳಿದಳು. ಅಷ್ಟು ಹೊತ್ತು ಅವಳ ಮೇಲೆ ಸಿಟ್ಟಾಗಿದ್ದ ನಾನು ಹೋಗಿ ಅವಳ ಪಕ್ಕದಲ್ಲೇ ಕುಳಿತೆ.

ಸಾಹೇಬರು ಬೈಯಲಿಲ್ಲ, ನಗಲೂ ಇಲ್ಲ. ಪೂರ್ತಿ ಕಥೆ ನನ್ನಿಂದ ಕೇಳಿಸಿಕೊಂಡರು. ಬಳೆಗಳನ್ನು ತಮ್ಮ ಕರವಸ್ತ್ರದಲ್ಲಿ ಸುತ್ತಿ ಇಟ್ಟು, ಪರೀಕ್ಷೆ ಮುಗಿಯಲಿ ಎಂದರು. ಬಳೆ ತೆಗೆದ ಮೇಲೆ ಗಾಳಿ ಎದ್ದಾಗಲೂ ಕಿವಿಯಲ್ಲಿ ಗಲಗಲ ಸದ್ದು ಬರಲಿಲ್ಲ. ಜೋಡಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕೊನೆಯ ದಿನ ಅವರು ಅತ್ತೆಯನ್ನು ತೆಪ್ಪಕ್ಕೆ ಕರೆಸಿದರು. ಒಂದು ಹೊಸ ಮೊರ, ಅದರಲ್ಲಿ ಅಕ್ಕಿ, ಕೊಬ್ಬರಿ, ಖಣ, ಬಳೆ. ಮೊರದಡಿಗೆ ಭಾರದ ಗುಂಡು ಬಿಗಿದು, ಎಲ್ಲವನ್ನೂ ಬಲೆಯ ತುಂಡಿನಲ್ಲಿ ಕಟ್ಟಿ ಹಗ್ಗಕ್ಕೆ ಹಾಕಿದರು. ಪಕ್ಕದಲ್ಲೇ ಕಿವಿಯನ್ನೂ ಇಳಿಸಿದರು. ಹೆಡ್‌ಫೋನನ್ನು ಅತ್ತೆಯ ಸೆರಗು ಸರಿಸಿ ನಾನೇ ತೊಡಿಸಿದೆ. ಸಾಹೇಬರು ಹಗ್ಗವನ್ನು ಮೆಲ್ಲಮೆಲ್ಲಗೆ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಂತೆ ಬಿಟ್ಟರು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಗ್ಗ ಸಡಿಲವಾಯಿತು. ಅವರು ಅದರ ತುದಿಯನ್ನು ನೀರಿಗೆ ಬಿಟ್ಟುಕೊಟ್ಟರು.

“ಮುಟ್ಟಿತೇನ್ರಿ?” ಎಂದು ಅತ್ತೆ ಕೇಳಿದಳು.

ಸಾಹೇಬರು ಅಳೆಯದೆ ಮಾತಾಡುವವರಲ್ಲ. “ತಳ ಮುಟ್ಟಿತು ತಾಯಿ. ಕಟ್ಟೆಯ ಮೇಲೋ, ಕೆಸರಿನಲ್ಲೋ, ಅದು ಈ ಯಂತ್ರಕ್ಕೆ ಗೊತ್ತಾಗುವುದಿಲ್ಲ.”

ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ಅತ್ತೆ ಹೆಡ್‌ಫೋನ್ ತೆಗೆದು ಅವರ ಕೈಗೆ ಕೊಟ್ಟಳು.

“ಮಶೀನಿಗೆ ಗೊತ್ತಾಗೂದು ಬ್ಯಾಡ್ರಿ. ಅಕಿಗೆ ಗೊತ್ತಾತು.”

ಅದೇ ವಾರ ತೊಟ್ಟಿಲಾಯಿತು. ಕೂಸಿನ ಸೋದರತ್ತೆ ರಾಮದುರ್ಗದಿಂದ ಬಂದು ಕಿವಿಯಲ್ಲಿ ಹೆಸರು ಹೇಳಿದಳು. ರೂಢಿಯಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಸಾಹೇಬರು ಉಂಡು, ಎಲೆಯಡಿಕೆ ಹಾಕಿಕೊಂಡು ಹೋದರು. ನಾನು ಎರಡು ದಿನ ರಜೆ ಹಾಕಿ ಉಳಿದೆ.

ಮರುದಿನ ಮಗಳು, ಮೊಮ್ಮಗಳು ಬಸ್ಸು ಹತ್ತಿದರು. ಸಂಜೆ ನಾನು ಅಭ್ಯಾಸಬಲದಿಂದ ಹೊಸ್ತಿಲ ಮೇಲೆ ಅತ್ತೆಗೆ ಚಾಪೆ ಹಾಸಿದೆ. ಅವಳು ಅದನ್ನು ಸುತ್ತಿ ಮೂಲೆಗಿಟ್ಟು ಒಳಗೆ ಹೋದಳು. ನೀರಿನ ಕಡೆ ಬೆನ್ನು ಮಾಡಿ ಕುಳಿತು ರೊಟ್ಟಿ ಬಡಿಯತೊಡಗಿದಳು.