ಹೂವಮ್ಮನ ಕೈನೀರು

ನಮ್ಮನೆಯವರ ಹೆಸರು ಗಂಗಾಧರಪ್ಪ. ಹೆಸರಲ್ಲೇ ಗಂಗೆ ಇದ್ದಾಳೆ, ಹೆತ್ತವ್ವನ ಕೈಯ ಒಂದು ಚೊಂಬು ನೀರು ಮಾತ್ರ ತಡಕೊಳ್ಳೋಕಾಗಲಿಲ್ಲ ಮಹಾನುಭಾವರಿಗೆ. ನಾನು ಅವರ ಹೆಂಡತಿ ಶೀಲಾ. ಬೈಯೋ ಹಕ್ಕು ನನಗಿದೆ, ಬೈದೇ ಹೇಳ್ತೀನಿ.

ಶಿವಮೊಗ್ಗದಲ್ಲಿ ಇವರದ್ದು ಬಣ್ಣದ ಮೀನಿನ ಅಂಗಡಿ, ಮನೆ ಭದ್ರಾವತೀಲಿ. ಗೋಲ್ಡ್ ಫಿಶ್ ಮಾರಿ ಮಾರಿ ಬೇಜಾರಾಗಿ, ಎರಡು ಸಾವಿರದ ಮೂರರಲ್ಲಿ ಸಮುದ್ರದ ಮೀನು ಸಾಕೋ ಹುಚ್ಚು ಹತ್ತಿತು. ಮಂಗಳೂರಿನ ವ್ಯಾಪಾರಿಯೊಬ್ಬರಿಂದ ಒಂದು ಜೋಡಿ ಕ್ಲೌನ್ ಫಿಶ್ ತಂದು ನಡುಮನೇಲೇ ಗಾಜಿನ ತೊಟ್ಟಿ ಇಟ್ಟರು. ಅಬ್ಬಾ, ಏನು ಚೆಂದ ಅಂತೀರಿ! ಮೈಯೆಲ್ಲ ಕಿತ್ತಳೆ, ಅದರ ಮೇಲೆ ಮೂರು ಬಿಳಿ ಪಟ್ಟೆ, ಪಟ್ಟೆಗೆ ಕಪ್ಪು ಅಂಚು. ಜೊತೆಗೆ ಕಡಲ ಹೂವು ಅಂತ ಒಂದು. ಹೂವಲ್ಲ, ಅದೂ ಒಂದು ಪ್ರಾಣಿಯೇ. ಅದರ ಎಸಳು ಬೇರೆ ಸಣ್ಣ ಮೀನಿಗೆ ತಗುಲಿದರೆ ಚುಚ್ಚಿ ಕೊಂದೇ ಬಿಡುತ್ತಂತೆ. ಇವಕ್ಕೆ ಮಾತ್ರ ಮೈಮೇಲಿನ ಲೋಳೆಯಿಂದ ಏನೂ ಆಗಲ್ಲ, ಅದರೊಳಗೇ ಹೊರಳಾಡಿಕೊಂಡಿರ್ತವೆ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಮೊಟ್ಟೆ ಕಾಯೋದು ಹೆಚ್ಚಾಗಿ ಗಂಡಿನ ಕೆಲಸ. ಅದನ್ನು ಕೇಳಿ ನಮ್ಮತ್ತೆ ಹೂವಮ್ಮ ನಕ್ಕಿದ್ದೇ ನಕ್ಕಿದ್ದು. "ಲೋ ಗಂಗಣ್ಣ, ನೋಡಿ ಕಲಿ" ಅಂದರು.

ಅತ್ತೆಯದ್ದೊಂದು ಪದ್ಧತಿ. ಬಾಗಿಲಿಗೆ ಯಾರೇ ಬರಲಿ, ಪೋಸ್ಟ್‌ಮ್ಯಾನೋ, ಸೊಪ್ಪಿನವಳೋ, ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಆಮೇಲೆ ಮಾತು.

ಒಂದು ಮಧ್ಯಾಹ್ನ ಮೀನೆರಡೂ ತಮ್ಮ ಹೂವು ಬಿಟ್ಟು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದವು. ಇವರು ಅಂಗಡೀಲಿ, ನಾನು ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ. "ಉಪ್ಪುನೀರಲ್ಲಿಟ್ಟರೆ ಯಾರಿಗೆ ಬಾಯಾರಲ್ಲ, ಪಾಪ" ಅಂತ ಅತ್ತೆ ಒಂದು ಚೊಂಬು ಬಾವಿ ನೀರು ತಂದು ತೊಟ್ಟಿಗೆ ಹುಯ್ದರು. ಸಂಜೆ ಇವರು ಬರೋ ಹೊತ್ತಿಗೆ ಎರಡೂ ಸತ್ತು ತೇಲ್ತಿದ್ದವು.

ಏನು ಕೂಗಾಟ, ಏನು ಹಾರಾಟ! "ನಿನ್ನ ಕೈನೀರೇ ವಿಷ ಕಣವ್ವ! ಇನ್ನು ಯಾರಿಗೂ ಕೊಡಬೇಡ, ಕೊಂದ್ಬಿಡ್ತೀಯ!" ಅಂದುಬಿಟ್ಟರು. ಅತ್ತೆ ಚೊಂಬು ತೊಳೆದು ಬೋರಲು ಹಾಕಿದರು. ಅವತ್ತಿಂದ ಸೊಪ್ಪಿನವಳು ತಾನಾಗಿ ಕೇಳಿದರೂ "ಶೀಲಾ, ನೀನೇ ಕೊಡಮ್ಮ" ಅಂತ ಒಳಗೆ ಹೋಗೋರು. ಅಂಗಳದ ದಾಸವಾಳಕ್ಕೂ ನೀರು ಹಾಕಲಿಲ್ಲ.

ಆ ವಾರವೇ ಇವರು ಮಂಗಳೂರಿಗೆ ಫೋನ್ ಮಾಡಿದರು. ತೊಟ್ಟೀಲಿ ನೀರು ಇಳಿದಾಗ ಏನು ಹಾಕ್ತಿದ್ರಿ ಅಂತ ವ್ಯಾಪಾರಿ ಕೇಳಿದರಂತೆ. ಇವರು ಉಪ್ಪುನೀರು ಅಂದರು.

"ಅಯ್ಯೋ, ಆರಿ ಹೋಗೋದು ನೀರು ಮಾತ್ರ ಸ್ವಾಮಿ, ಉಪ್ಪು ಅಲ್ಲೇ ಉಳಿಯುತ್ತೆ. ಸಿಹಿನೀರು ಹಾಕಬೇಕಿತ್ತು. ಉಪ್ಪು ಹೆಚ್ಚಾಗಿ ಸತ್ತಿದಾವೆ."

ಅತ್ತೆ ಹುಯ್ದ ಚೊಂಬಿನ ಕಥೆ ಹೇಳಿದ್ದಕ್ಕೆ, ಅವಕ್ಕೆ ಬೇಕಿದ್ದದ್ದೇ ಅದು ಅಂದರಂತೆ ಆ ಮನುಷ್ಯ.

"ಹೋಗಿ ಅವ್ವನಿಗೆ ಹೇಳ್ರಿ" ಅಂದೆ. "ಹೇಳ್ತೀನಿ" ಅಂದರು. ಹೇಳಲಿಲ್ಲ. ಯಾವ ಮುಖ ಇಟ್ಕೊಂಡು ಹೇಳಲಿ ಅಂತ ಒದ್ದಾಟ. ಅವ್ವ ಎದುರಾದರೆ ತಲೆ ತಗ್ಗಿಸೋರು. ನಾನೇ ಹೇಳಬಹುದಿತ್ತು. ವಿಷ ಅಂದ ಬಾಯೇ ಹೇಳಬೇಕು ಅಂತ ನನ್ನ ಹಟ.

ಬೇಸಿಗೆ ಬಂತು. ಒಂದು ಸಂಜೆ ಇವರು ಬಸ್ಸಿಳಿದು ಬಂದವರೇ ಸೀದಾ ಅತ್ತೆ ಕಾಲ ಹತ್ತಿರ ಕೂತರು. "ಅವ್ವಾ, ಮೀನು ಕೊಂದಿದ್ದು ನಿನ್ನ ನೀರಲ್ಲ, ನಾನು ಹಾಕಿದ ಉಪ್ಪು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತವ್ವ. ಬಾಯಾರಿದೆ, ನಿನ್ನ ಕೈಯಾರೆ ಒಂದು ಚೊಂಬು ನೀರು ಕೊಡು" ಅಂತ ಗಳಗಳ ಅತ್ತರು.

ಅತ್ತೆ ಮಗನ ತಲೆ ನೇವರಿಸಿದರು. ಎದ್ದು ಹೋಗಿ ಚೊಂಬು ತುಂಬಿ ತಂದರು. ಇವರು ಎರಡೂ ಕೈ ಚಾಚಿದರೆ, ಅತ್ತೆ ಇವರ ಪಕ್ಕದಿಂದ ಹಾದು ಅಂಗಳಕ್ಕಿಳಿದು, ಅಷ್ಟೂ ನೀರನ್ನು ದಾಸವಾಳದ ಬುಡಕ್ಕೆ ಹುಯ್ದರು.

"ತಡಿ ಮಗ" ಅಂದರು. "ನಾಳೆ ಇದು ಬದುಕಿದ್ದರೆ ನಿನಗೆ ಕೊಡ್ತೀನಿ."