ರೆಪ್ಪೆಯ ಒಳಮೈ

ಶಿರಹಟ್ಟಿ ಕಡೆಯ ಮಾಗಡಿಯ ಶಾಲೆಯ ಕಟ್ಟೆಯ ಮೇಲೆ ನಾನು ಬೆರಳು ಚಾಚಿದ್ದು ಧೈರ್ಯ ತೋರಿಸಲಿಕ್ಕಲ್ಲ, ಬೇರೆ ದಾರಿ ಇರಲಿಲ್ಲವೆಂದು. ಟ್ರಕೋಮಾ ಎಂಬ ಕಣ್ಣಿನ ಸೋಂಕು ಈ ಸೀಮೆಯಲ್ಲಿ ಇನ್ನೂ ಮಕ್ಕಳಿಂದ ಮಕ್ಕಳಿಗೆ ದಾಟುತ್ತಿದೆಯೇ ಎಂದು ನೋಡಲು ಒಂದು ತಂಡ ಬಂದಿತ್ತು. ಗದುಗಿನ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನಾನು ಅವರ ಜೊತೆ ತಿರುಗುತ್ತಿದ್ದೆ. ಪುಟ್ಟ ಮಕ್ಕಳ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಹೀರುಕಾಗದದ ಮೇಲೆ ಒಣಗಿಸಿ ಕಳಿಸುವುದು ಕೆಲಸ. ಕಣ್ಣು ವಾಸಿಯಾದ ಎಷ್ಟೋ ವರ್ಷಗಳ ಮೇಲೂ, ಆ ರೋಗಾಣುವಿನ ವಿರುದ್ಧ ದೇಹ ಹುಟ್ಟಿಸಿಕೊಂಡ ಪ್ರತಿಕಾಯ ರಕ್ತದಲ್ಲಿ ಉಳಿದಿರುತ್ತದೆ. ಈಚಿನ ನಾಲ್ಕೈದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಅದು ಸಿಕ್ಕರೆ ಸೋಂಕು ಈಗಲೂ ಓಡಾಡುತ್ತಿದೆ ಎಂದರ್ಥ.

ತಾಯಂದಿರು ಮಕ್ಕಳನ್ನು ಸೆರಗಿನ ಹಿಂದೆ ಎಳೆದುಕೊಂಡರು.

“ಕಣ್ಣಿನ ಜಡ್ಡಿಗೆ ಬೆರಳಿನ ರಕ್ತ ಯಾಕ್ರಿ?” ಎಂದಳು ಒಬ್ಬಳು.

“ಮೊದಲ ಈ ಸರ್ ಅವರದು ತಗೀರಿ,” ಇನ್ನೊಬ್ಬಳು ನನ್ನನ್ನು ತೋರಿಸಿದಳು. “ಅವರು ಅಳಲಿಲ್ಲಂದ್ರ ನಮ್ಮ ಹುಡುಗರದು ಕೊಡ್ತೀವಿ.”

ಎಲ್ಲರೂ ನಕ್ಕರು. ನಾನು ಅಳಲಿಲ್ಲ. ನನ್ನ ಹನಿಯನ್ನೂ ಪರೀಕ್ಷಿಸಿಬಿಡು ಎಂದು ಪ್ರಯೋಗಾಲಯದ ಗೆಳೆಯನಿಗೆ ನಾನೇ ಹೇಳಿದೆ. ನಮ್ಮ ಮನೆಯಲ್ಲಿ ಯಾರಿಗೂ ಕಣ್ಣುಬೇನೆ ಬಂದಿರಲಿಲ್ಲ. ಖಚಿತವಾದ ನೆಗೆಟಿವ್ ಹೇಗಿರುತ್ತದೆಂದು ವಿದ್ಯಾರ್ಥಿಗಳಿಗೆ ತೋರಿಸಬಹುದು ಅಂದುಕೊಂಡಿದ್ದೆ.

ಆ ಗೆಳೆಯ ಬೆಟಗೇರಿಯ ನಮ್ಮ ಮನೆಗೇ ಬಂದು, ನನ್ನ ಹೆಂಡತಿ ಚಹಾ ಕೊಡುತ್ತಿರುವಾಗಲೇ ಬಾಯಿ ಬಿಟ್ಟ. “ಮಾಗಡಿ ಹುಡುಗರದು ಭಾಳ ಚಲೋ ಬಂದೈತಿ. ನಿಮ್ಮದ ಪಾಸಿಟಿವ್ ನೋಡ್ರಿ ಮಾಸ್ತರ!”

“ಇನ್ನೊಮ್ಮೆ ಮಾಡಿ ನೋಡಿದ್ಯಾ?”

“ಮಾಡೇನಿ. ಅದ ಬಂತು. ತಲಿ ಕೆಡಿಸ್ಕೋಬ್ಯಾಡ್ರಿ, ದೊಡ್ಡವರದು ನಾವು ಲೆಕ್ಕಕ್ಕ ಹಿಡಿಯಂಗಿಲ್ಲ.”

“ಯಾಕ ಹಿಡಿಯಂಗಿಲ್ಲ?” ಎಂದಳು ಹೆಂಡತಿ.

ಪಾಠ ಹೇಳುವ ಚಟ, ಉತ್ತರ ಕೊಟ್ಟವನು ನಾನೇ. ಇದೇ ರೋಗಾಣುವಿನ ಇನ್ನೊಂದು ಬಗೆ ದೊಡ್ಡವರಿಗೆ ಬೇರೆ ದಾರಿಯಿಂದ ಅಂಟುತ್ತದೆ, ಈ ಪರೀಕ್ಷೆಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ ಎಂದೆ.

“ಯಾವ ದಾರಿ?”

“ಗಂಡು ಹೆಣ್ಣು ಕೂಡೋದರಿಂದ,” ಎಂದೆ. ಅಂದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಗೆಳೆಯ ಅರ್ಧ ಚಹಾ ಬಿಟ್ಟು ಎದ್ದುಹೋದ.

“ಸಣ್ಣಾಂವಿದ್ದಾಗ ನಿಮಗ ಕಣ್ಣಬ್ಯಾನಿ ಬಂದಿತ್ತೇನು?” ಹೆಂಡತಿ ಕೇಳಿದಳು.

“ಇಲ್ಲ. ಒಮ್ಮೆನೂ ಇಲ್ಲ.”

“ಹಂಗಾರ ಎಲ್ಲಿಂದ ಬಂತ್ರಿ ಇದು?”

ಅವಳನ್ನು ಬಿಟ್ಟು ಬೇರೆ ಹೆಣ್ಣನ್ನು ನಾನು ಮುಟ್ಟಿದವನಲ್ಲ. ಆದರೆ ಪರೀಕ್ಷೆ ಎರಡು ಸಲವೂ ಒಂದೇ ಉತ್ತರ ಕೊಟ್ಟಿತ್ತು, ಅಂಥ ಉತ್ತರವನ್ನು ನಂಬಬೇಕೆಂದು ಕಲಿಸುತ್ತ ಬಂದವನು ನಾನು. ನನ್ನಿಂದ ಅಲ್ಲವಾದರೆ? ಯೋಚನೆ ಮುಗಿಯುವ ಮೊದಲೇ ಕಣ್ಣು ಅವಳತ್ತ ಹೊರಳಿತ್ತು. ಅವಳಿಗೆ ಅಷ್ಟು ಸಾಕಾಯಿತು.

“ಅಯ್ಯ! ನನ್ನ ಕಡೆ ಏನ ನೋಡ್ತೀರಿ?”

ಮರುದಿನ ಇಬ್ಬರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಹೆಂಡತಿ ಇಬ್ಬರ ನಡುವೆ ಚೀಲ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಎತ್ತಿ ಆಡಿಸಿದ ಅಕ್ಕ ಆ ಊರಲ್ಲಿದ್ದಾಳೆ. ವಿಷಯದ ಅರ್ಧವನ್ನಷ್ಟೇ ಹೇಳಿ ಕೇಳಿದೆ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನಕ್ಕುಬಿಟ್ಟಳು.

“ಕಣ್ಣಬ್ಯಾನಿ ಇರಲಿಲ್ಲಂತ ಯಾರ ಹೇಳಿದ್ರಲೇ? ಮುಂಜಾನೆದ್ರ ಗೀಜಿಗೆ ನಿನ್ನ ರೆಪ್ಪಿ ಹತ್ತಿಕೊಂಡಿರ್ತಿದ್ವು. ಬಿಸಿನೀರಾಗ ಅರಿವಿ ಅದ್ದಿ ನಾನ ಬಿಡಸ್ತಿದ್ದೆ. ಅದ ಅರಿವೀಲೆ ನನ್ನ ಮಾರಿನೂ ಒರಿಸ್ಕೋತಿದ್ದೆ. ಒಂದ ಸಲ ಅಲ್ಲ, ಬ್ಯಾಸಗಿ ಬಂದಾಗೆಲ್ಲಾ.”

“ಮತ್ತ ಅವ್ವ, ನಮ್ಮ ಮನ್ಯಾಗ ಕಣ್ಣಬ್ಯಾನಿನ ಇಲ್ಲ ಅಂತಿದ್ಲಲ್ಲ?”

“ನನ್ನ ನೋಡಾಕ ಮಂದಿ ಬರಾವ್ರಿದ್ರು. ಹುಡುಗಿ ಕಣ್ಣಾಗ ಐಬ ಐತಿ ಅಂದಾರು ಅಂತ, ಯಾರ ಕೇಳಿದ್ರೂ ಹಂಗ ಹೇಳ್ರಿ ಅಂತ ನಮಗ ಕಲಿಸಿದ್ಲು. ನನ್ನ ಮದುವಿ ಆತು, ನಾ ಆ ಸುಳ್ಳ ಬಿಟ್ಟೆ. ನೀ ಅದನ್ನ ಖರೆ ಮಾಡ್ಕೊಂಡ್ಯಲ್ಲೋ ಶಾಣ್ಯಾ!”

ಅವ್ವ ಆ ಮಾತು ಹೇಳುವ ದನಿ ನನಗೆ ಚೆನ್ನಾಗಿ ನೆನಪಿದೆ. ಅಂಟಿದ ರೆಪ್ಪೆ, ಬಿಸಿ ಬಟ್ಟೆ, ಉರಿ, ಯಾವುದೂ ಇಲ್ಲ. ಹುಡುಕಿದೆ, ಎಲ್ಲೂ ಇಲ್ಲ. ನೋವನ್ನೇ ಮರೆತು ಮಾತನ್ನು ಇಟ್ಟುಕೊಂಡ ತಲೆ ಎಂಥದು?

“ಅಕ್ಕಾರು ಒಡಹುಟ್ಟಿದ ತಮ್ಮನ್ನ ಬಿಟ್ಟುಕೊಡ್ತಾರೇನು?” ಹೊರಗೆ ಬಂದ ಮೇಲೆ ಹೆಂಡತಿ ಅಂದದ್ದು ಇಷ್ಟೇ.

ತಂಡದ ಕಣ್ಣಿನ ಡಾಕ್ಟರು ಅಂದು ಶಿರಹಟ್ಟಿಯಲ್ಲಿದ್ದರು. ಅಲ್ಲಿಗೇ ಹೋದೆವು. ಅವರು ನನ್ನ ಮೇಲಿನ ರೆಪ್ಪೆಯನ್ನು ಮಗುಚಿ ಬೆಳಕು ಬಿಟ್ಟು ನೋಡಿದರು. “ಒಳಗ ಬಿಳಿ ಗೆರಿ ಅದಾವ್ರಿ. ಟ್ರಕೋಮಾ ಮತ್ತ ಮತ್ತ ಬಂದು ಮಾಯ್ದ ಗಾಯದ ಕಲಿ. ಭಾಳ ಹಳೇದು.”

“ನಾ ನೋಡ್ಲೇನ್ರಿ?” ಎಂದಳು ಹೆಂಡತಿ. ಅವಳ ಉಸಿರು ಕೆನ್ನೆಗೆ ತಾಗುತ್ತಿತ್ತು, ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. “ಇನ್ನೊಂದನೂ ಹೊಳ್ಳಿಸ್ರಿ,” ಎಂದಳು. ಅಲ್ಲೂ ಗೆರೆಗಳಿದ್ದವು.

ನಾನು ಸುಮ್ಮನಿರಬಹುದಿತ್ತು. “ಇದರಿಂದ ಕಣ್ಣಿನ ಸೋಂಕು ಇತ್ತಂತ ಗೊತ್ತಾಗತೈತಿ. ಇನ್ನೊಂದು ಇರಲಿಲ್ಲಂತ ಗೊತ್ತಾಗಂಗಿಲ್ಲ,” ಎಂದೆ.

“ಅಷ್ಟು ನನಗೂ ತಿಳಿತೈತ್ರಿ. ಇಷ್ಟ ದೊಡ್ಡ ಬ್ಯಾನಿ ಮರ್ತಾಂವ ಮತ್ತೇನೇನ ಮರ್ತಾನೋ.” ಹಾಗೆಂದವಳು ಡಾಕ್ಟರ ಕಡೆ ತಿರುಗಿ ಕೈ ಚಾಚಿದಳು. “ನಂದೂ ಒಂದು ಹನಿ ತಗೀರಿ. ಇವರಿಗೂ ಗೊತ್ತಾಗ್ಲಿ.”

ಅವಳು ಮುಂಡರಗಿಯ ಕಡೆಯ ಹಳ್ಳಿಯವಳು, ನನ್ನ ಹಾಗೆಯೇ ಧೂಳಲ್ಲಿ, ಒಂದೇ ಬಟ್ಟೆಗೆ ಮುಖ ಒರೆಸಿಕೊಂಡು ಬೆಳೆದವಳು. ಪಾಸಿಟಿವ್ ಬಂದರೂ ಅದಕ್ಕೆ ಅರ್ಥವಿಲ್ಲ. ಆದರೆ ಅರ್ಥವಿಲ್ಲವೆಂದು ನಾನು ನಂಬುವೆನೇ? ಅದುವರೆಗೆ ಯಾವ ಪರೀಕ್ಷೆಯನ್ನೂ ಬೇಡವೆಂದವನಲ್ಲ ನಾನು.

“ಬ್ಯಾಡ,” ಎಂದೆ.

“ಯಾಕ, ಅಂಜಿಕಿ ಬಂತೇನು?”

“ಬಂತು.”

ಅವಳು ನನ್ನ ಮುಖ ನೋಡಿದಳು. ಬೆರಳು ಮಡಚಿಕೊಂಡಳು. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು.